ಚೆರೋಕೀಯ ‘ಹಿ’ ಮತ್ತು ‘ಯಿ’: ಸ್ಥಳ ಹೇಳುವಾಗ ಯಾವ ಪದಕ್ಕೆ ಯಾವುದು?

ಹಾರಂಗಿ ಹಿನ್ನೀರು (ಕುಶಾಲನಗರ)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಭಾಷಾ ಪ್ರದರ್ಶನಕ್ಕೆ ‘ಎಲ್ಲಿ ಎಂದು ಹೇಳುವ ಪ್ರತ್ಯಯಗಳು’ ಎಂಬ ದೊಡ್ಡ ಚಾರ್ಟ್ ಮಾಡುತ್ತಿದ್ದೇವೆ. ಕನ್ನಡದ ‘ಮನೆಯಲ್ಲಿ’, ಅರೆಭಾಷೆಯ ‘ಮನೆಲಿ’, ಕೊಡವ ತಕ್ಕ್‌ನ ‘ಮನೆಲ್’ ಮೂರೂ ಪಕ್ಕಪಕ್ಕ ಬರುತ್ತವೆ. ನಮ್ಮ ದ್ರಾವಿಡ ಕುಟುಂಬಕ್ಕೆ ಸಂಬಂಧವೇ ಇಲ್ಲದ ಒಂದು ಭಾಷೆಯೂ ಇರಲಿ ಎಂದು ಅಮೆರಿಕದ ಮೂಲನಿವಾಸಿಗಳ ಚೆರೋಕೀಯನ್ನು ನಾಲ್ಕನೆಯ ಕಾಲಂಗೆ ಇಟ್ಟುಕೊಂಡಿದ್ದೇವೆ. ಸಿಕ್ಕಿಹಾಕಿಕೊಂಡಿರುವುದು ಅಲ್ಲೇ.

ಕೆಲವು ಪದಗಳಿಗೆ ‘ಹಿ’ ಹತ್ತುತ್ತದೆ, ಕೆಲವಕ್ಕೆ ‘ಯಿ’. ನೀರಿಗೆ ‘ಅಮ’, ನೀರಿನಲ್ಲಿ ಎನ್ನಲು ‘ಅಮೊಹಿ’. ನಡುವೆ ‘ಒ’ ಎಲ್ಲಿಂದ ಬಂತು? ಮೊಲಕ್ಕೆ ‘ತ್ಸಿಸ್ದು’, ಅದಕ್ಕೆ ಮಾತ್ರ ಏನೂ ಬದಲಾಗದೆ ‘ತ್ಸಿಸ್ದುಯಿ’. ಇದಕ್ಕೆ ನಿಯಮ ಇದೆಯೇ? ಸ್ಥಳನಾಮಗಳಲ್ಲಿ ಈ ಪ್ರತ್ಯಯ ಬಂದಾಗ ನಮ್ಮ ‘ಊರು’, ‘ಪೇಟೆ’, ‘ಕೇರಿ’ಗಳ ಹಾಗೆ ಅರ್ಥ ಕೊಡಬಹುದೇ? ‘ಮೇಲೆ’, ‘ಒಳಗೆ’, ‘ಗೆ’, ‘ಇಂದ’ ಇವುಗಳಿಗೂ ಬೇರೆ ಬೇರೆ ಪ್ರತ್ಯಯ ಇದ್ದರೆ ಚಾರ್ಟಿನಲ್ಲಿ ಸಾಲುಗಳನ್ನು ಹೆಚ್ಚಿಸಬೇಕು. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಬರೆಯುವಾಗ ಏನನ್ನು ಗಮನಿಸಬೇಕು ಎಂಬುದನ್ನೂ ಬಲ್ಲವರು ತಿಳಿಸಿ. ಮಕ್ಕಳು ಓದುವ ಚಾರ್ಟ್, ತಪ್ಪು ಉಳಿಯಬಾರದು.

---

ಏಲಕ್ಕಿಮಲೆ (ಮಡಿಕೇರಿ)

ಅಕ್ಕ, ಮೊದಲು ‘ಒ’ದ ವಿಷಯ. ನಾಮಪದ ‘ಅ’ಕಾರದಲ್ಲಿ ಮುಗಿದರೆ ಸ್ಥಳಪ್ರತ್ಯಯದ ಮುಂದೆ ಆ ‘ಅ’ ಹೋಗಿ ‘ಒ’ ಬರುತ್ತದೆ, ಪ್ರತ್ಯಯ ‘ಹಿ’ ಆಗಿರುತ್ತದೆ. ಒಂದೆರಡು ಪದ ನೋಡಿದರೆ ಅಪವಾದದಂತೆ ಕಾಣುತ್ತದೆ, ಸಾಲಾಗಿ ಇಟ್ಟರೆ ಗೊತ್ತಾಗುತ್ತದೆ. ಅಮ (ನೀರು) ಅಮೊಹಿ ಆಗುತ್ತದೆ. ಎಲ ಎಂದರೆ ನೆಲ, ಎಲೊಹಿ ಎಂದರೆ ಭೂಮಿ, ಲೋಕ. ವಯ ಎಂದರೆ ತೋಳ, ವಯೊಹಿ ತೋಳದ ಜಾಗ. ತ್ಸಿಸ್ಕ್ವ ಎಂದರೆ ಹಕ್ಕಿ, ತ್ಸಿಸ್ಕ್ವೊಹಿ ಹಕ್ಕಿಯ ಜಾಗ. ಕೊನೆಯ ಎರಡೂ ಉತ್ತರ ಕೆರೊಲಿನಾದ ಚೆರೋಕೀ ನೆಲದಲ್ಲಿ ಇವತ್ತಿಗೂ ಇರುವ ಊರುಗಳು. ಇಂಗ್ಲಿಷಿನಲ್ಲಿ ವುಲ್ಫ್‌ಟೌನ್, ಬರ್ಡ್‌ಟೌನ್ ಎನ್ನುತ್ತಾರೆ.

ಚಾರ್ಟಿಗೆ ಒಂದೇ ಉದಾಹರಣೆ ಸಾಕು ಎಂದಾದರೆ ‘ಕುವೊಹಿ’ಯನ್ನು ಹಾಕಿ. ಕುವ ಎಂದರೆ ಹಿಪ್ಪುನೇರಳೆ. ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನದ ಅತಿ ಎತ್ತರದ ಶಿಖರಕ್ಕೆ ಚೆರೋಕೀ ಜನ ಇಟ್ಟುಕೊಂಡಿದ್ದ ಹೆಸರು ಅದು. ಬಹುಕಾಲ ಭೂಪಟದಲ್ಲಿ ‘ಕ್ಲಿಂಗ್‌ಮನ್ಸ್ ಡೋಮ್’ ಎಂದಿತ್ತು. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಥಳನಾಮ ಮಂಡಳಿ ಅಧಿಕೃತವಾಗಿ ಕುವೊಹಿ ಎಂದೇ ಬದಲಾಯಿಸಿತು. ಎತ್ತರ 2,025 ಮೀಟರ್, ನಮ್ಮ ತಡಿಯಂಡಮೋಳ್‌ಗಿಂತ 277 ಮೀಟರ್ ಹೆಚ್ಚು. ಮಕ್ಕಳಿಗೆ ಅಳತೆ ಮನಸ್ಸಿಗೆ ಹತ್ತುತ್ತದೆ, ಪ್ರತ್ಯಯವೂ ನೆನಪಿರುತ್ತದೆ.

‘ಅ’ ಅಲ್ಲದ ಸ್ವರದಲ್ಲಿ ಮುಗಿಯುವ ಪದಗಳಿಗೆ ಹೆಚ್ಚಾಗಿ ‘ಯಿ’. ತ್ಸಿಸ್ದು, ತ್ಸಿಸ್ದುಯಿ ನೀವೇ ಕೊಟ್ಟಿದ್ದೀರಿ. ಅದು ಗ್ರೆಗರಿ ಬಾಲ್ಡ್ ಎಂಬ ಬೋಳುಗುಡ್ಡದ ಚೆರೋಕೀ ಹೆಸರು. ರೇವನ್ ಎಂಬ ದೊಡ್ಡ ಕಾಗೆಗೆ ಕೊಲನಂ, ಅದರ ಜಾಗ ಕೊಲನಂಯಿ. ಇದು ಬಿಗ್ ಕೋವ್ ಎಂಬ ಊರು. ತುತಿ ಎಂಬುದು ಚಳಿಗಾಲದ ಒಂದು ಸಣ್ಣ ಹಕ್ಕಿ, ತುತಿಯಿ ಎಂದರೆ ಸ್ನೋಬರ್ಡ್ ಊರು.

‘ಇ’ಕಾರಾಂತದಲ್ಲಿ ಮಾತ್ರ ಎರಡೂ ಸಿಗುತ್ತವೆ. ಇಲ್ಲಿ ನಿಯಮವನ್ನು ಬಿಗಿ ಮಾಡಲು ಹೋಗಬೇಡಿ. ಒಕ್ಲಹೋಮದ ಚೆರೋಕೀ ನೇಷನ್ ತನ್ನ ಹೆಸರನ್ನು ‘ಜಲಗಿಹಿ ಅಯೆಲಿ’ ಎಂದು ಬರೆಯುತ್ತದೆ. ಉತ್ತರ ಕೆರೊಲಿನಾದ ಪೂರ್ವ ಪಂಗಡದ ಹೆಸರು ಶುರುವಾಗುವುದು ‘ತ್ಸಲಗಿಯಿ’ ಎಂದು. ಮೂಲಪದ ಒಂದೇ, ಒಂದು ಕಡೆ ಹಿ, ಇನ್ನೊಂದು ಕಡೆ ಯಿ. ಮೊದಲ ಅಕ್ಷರ ಜ ಮತ್ತು ತ್ಸ ಎಂದು ಬೇರೆಯಾಗಿರುವುದು ಪಶ್ಚಿಮ ಮತ್ತು ಪೂರ್ವದ ಉಪಭಾಷೆಗಳ ಉಚ್ಚಾರಣೆಯ ವ್ಯತ್ಯಾಸ. ಪೇಂಟ್‌ಟೌನ್ ಊರಿನ ‘ಅನಿವೊದಿಹಿ’ ಪೂರ್ವದ್ದೇ, ಆದರೂ ಅದಕ್ಕೆ ‘ಹಿ’. ಹಾಗಾಗಿ ಚಾರ್ಟಿನಲ್ಲಿ ‘ಅಕಾರಾಂತಕ್ಕೆ ಒ ಮತ್ತು ಹಿ, ಉಳಿದವಕ್ಕೆ ಹೆಚ್ಚಾಗಿ ಯಿ, ಇಕಾರಾಂತಕ್ಕೆ ಎರಡೂ ಉಂಟು’ ಎಂದು ಬರೆದರೆ ತಪ್ಪಾಗುವುದಿಲ್ಲ.

ನಮಗೂ ಇದು ತೀರಾ ಹೊಸದಲ್ಲ. ಮರ + ಅಲ್ಲಿ ಸೇರಿದಾಗ ನಡುವೆ ‘ದ’ ಬಂದು ಮರದಲ್ಲಿ ಆಗುತ್ತದೆ, ಮನೆಗೆ ‘ಯ’, ಗುರುವಿಗೆ ‘ವಿನ’. ಮೂಲಪದದ ಅಂತ್ಯ ನೋಡಿ ನಡುವಿನ ರೂಪ ನಿರ್ಧಾರವಾಗುವುದು ಅಲ್ಲೂ ಇಲ್ಲೂ ಒಂದೇ. ಅವರಲ್ಲಿ ಆಗಮದ ಬದಲು ಸ್ವರವೇ ಮಾರ್ಪಡುತ್ತದೆ, ಅಷ್ಟೆ.

---

ಲಕ್ಷ್ಮಣತೀರ್ಥ (ಶ್ರೀಮಂಗಲ)

ಏಲಕ್ಕಿಮಲೆಯವರು ‘ಊರು, ಪೇಟೆ’ಯ ಪ್ರಶ್ನೆ ಮುಟ್ಟಿಲ್ಲ. ನನಗೆ ಅದೇ ಮುಖ್ಯ ಎನಿಸುತ್ತದೆ, ಚಾರ್ಟ್ ದಾರಿ ತಪ್ಪುವುದು ಅಲ್ಲೇ.

ಊರು, ಪೇಟೆ, ಕೇರಿ, ಕೊಪ್ಪ ಇವೆಲ್ಲ ಸ್ವತಂತ್ರ ನಾಮಪದಗಳು. ‘ಪೇಟೆಗೆ ಹೋಗಿ ಬಂದೆ’ ಎನ್ನಬಹುದು. ವಿರಾಜಪೇಟೆಯಲ್ಲಿ ಎನ್ನಬೇಕಾದರೆ ಪೇಟೆಯ ಮೇಲೆ ಮತ್ತೆ ‘ಅಲ್ಲಿ’ ಹಚ್ಚಬೇಕು. ಚೆರೋಕೀಯ ಹಿ, ಯಿ ಹಾಗಲ್ಲ. ಒಂಟಿಯಾಗಿ ನಿಲ್ಲುವುದಿಲ್ಲ, ‘ಊರು’ ಎಂಬ ಅರ್ಥವೂ ಅದಕ್ಕಿಲ್ಲ. ಊರಿಗೆ ಬೇರೆಯೇ ಪದ ಇದೆ, ‘ಗದುಹಂ’. ಹಿ, ಯಿಗಳ ಸಮ ನಮ್ಮಲ್ಲಿ ಸಪ್ತಮಿಯ ‘ಅಲ್ಲಿ’, ಕೊಡವ ತಕ್ಕ್‌ನ ‘ಲ್’. ಅಂದರೆ ಕೊಲನಂಯಿ ಎಂಬ ಊರ ಹೆಸರೇ ಸಪ್ತಮಿ ರೂಪದಲ್ಲಿದೆ. ಅದೇ ಹೆಸರು, ಅದೇ ‘ಅಲ್ಲಿ’. ಬಿಗ್ ಕೋವ್‌ನಲ್ಲಿ ಎನ್ನಲು ಕೊಲನಂಯಿಗೆ ಇನ್ನೊಂದು ಯಿ ಸೇರಿಸುವುದಿಲ್ಲ. ನಾವು ‘ಮೇಲೆ’, ‘ಕೆಳಗೆ’ ಎನ್ನುವಾಗ ಅದರಲ್ಲೇ ಜಾಗದ ಅರ್ಥ ಕೂಡಿಕೊಂಡಿರುವುದರಿಂದ ‘ಮೇಲೆಯಲ್ಲಿ’ ಎನ್ನುವುದಿಲ್ಲವಲ್ಲ, ಹಾಗೆ.

ಆದ್ದರಿಂದ ಚೆರೋಕೀ ಕಾಲಂನಲ್ಲಿ ‘ವಯೊಹಿ = ತೋಳೂರು’ ಎಂದು ಬರೆಯಬೇಡಿ. ‘ತೋಳ ಇರುವಲ್ಲಿ’ ಎಂದು ಬರೆದರೆ ವ್ಯಾಕರಣವೂ ಸರಿ, ಅರ್ಥವೂ ಸರಿ. ಮುಂದೆ ನಿಲ್ಲುವ ಪದಗಳ ಸ್ವಭಾವವನ್ನೂ ಮಕ್ಕಳು ಗಮನಿಸಲಿ: ಮರ, ಬಳ್ಳಿ, ಪ್ರಾಣಿ, ಹಕ್ಕಿ, ಮಣ್ಣಿನ ಬಣ್ಣ. ಟೆನೆಸ್ಸಿಯ ಒಕೋಯಿ ನದಿಯ ಹೆಸರು ‘ಉವಗ’ಕ್ಕೆ ಹಿ ಸೇರಿ ಬಂದದ್ದು. ಉವಗ ಎಂದರೆ ಅಲ್ಲಿನ ಕಾಡು ಪ್ಯಾಷನ್ ಹಣ್ಣಿನ ಬಳ್ಳಿ, ಕೊಡಗಿನಲ್ಲಿ ಜ್ಯೂಸ್ ಮಾಡುವ ಪ್ಯಾಷನ್ ಫ್ರೂಟಿನ ಹತ್ತಿರದ ಜಾತಿ. 1996ರ ಅಟ್ಲಾಂಟಾ ಒಲಿಂಪಿಕ್ಸಿನ ದೋಣಿ ಸ್ಪರ್ಧೆ ನಡೆದ ನದಿ ಅದು.

ಒಕೋಯಿಯನ್ನು ನೋಡಿ ಇನ್ನೊಂದು ಎಚ್ಚರಿಕೆ. ಇಂಗ್ಲಿಷ್ ಭೂಪಟದ ಹೆಸರಿನ ಕೊನೆಯ ‘ಯಿ’ ಕಂಡ ಕೂಡಲೇ ಪ್ರತ್ಯಯ ಸಿಕ್ಕಿತು ಎಂದುಕೊಳ್ಳಬಾರದು. ಇಲ್ಲಿ ಮೂಲದಲ್ಲಿದ್ದದ್ದು ಹಿ. ಎಷ್ಟೋ ಕಡೆ ಪ್ರತ್ಯಯ ಸವೆದು ಹೋಗಿಯೂ ಇದೆ. ಕುಲ್ಸೆತ್ಸಿ ಎಂಬ ಮುಳ್ಳಿನ ಮರದಿಂದ (ಅದರ ಕಾಯಿಯ ತಿರುಳು ಸಿಹಿ) ‘ಕುಲ್ಸೆತ್ಸಿಯಿ’ ಎಂಬ ಊರಿತ್ತು. ಮಾತಿನಲ್ಲಿ ಯಿ ಬಿದ್ದು ಕುಲ್ಸೆತ್ಸಿ ಅಷ್ಟೇ ಉಳಿಯಿತು. ಸಕ್ಕರೆಗೂ ಅದೇ ಪದ ಬಳಕೆಯಾಗುತ್ತಿದ್ದುದರಿಂದ ವ್ಯಾಪಾರಿಗಳು ಆ ಊರನ್ನು ‘ಶುಗರ್‌ಟೌನ್’ ಎಂದರು. ಕುಲ್ಸೆತ್ಸಿ ಇವತ್ತು ಭೂಪಟದಲ್ಲಿ ‘ಕಲಸೇಜಾ’ ಆಗಿದೆ. ಪ್ರತ್ಯಯ ಹುಡುಕುವವರು ಭೂಪಟ ಬಿಟ್ಟು ಚೆರೋಕೀ ರೂಪಕ್ಕೇ ಹೋಗಬೇಕು.

---

ಹಾರಂಗಿ ಹಿನ್ನೀರು (ಕುಶಾಲನಗರ)

ಇಬ್ಬರಿಗೂ ತುಂಬಾ ಧನ್ಯವಾದ. ‘ತೋಳೂರು’ ಎಂದೇ ಬರೆದಿಟ್ಟಿದ್ದೆವು, ತೆಗೆಯುತ್ತೇವೆ. ಹಾಗಾದರೆ ‘ಹಿ’ಯಲ್ಲಿ ಮುಗಿಯುವ ಪದವೆಲ್ಲ ಸ್ಥಳವಾಚಕ ಎಂದು ಮಕ್ಕಳಿಗೆ ಹೇಳಿಕೊಡಬಹುದೇ? ಮತ್ತೆ ‘ಗೆ’, ‘ಇಂದ’, ‘ಒಳಗೆ’ ಉಳಿದವು.

---

ನಾಲ್ಕುನಾಡು (ಕಕ್ಕಬ್ಬೆ)

ಹೇಳಿಕೊಡಬೇಡಿ ಅಕ್ಕ. ‘ಹಿ’ಯಲ್ಲಿ ಮುಗಿಯುವ ಬೇರೆ ಎಷ್ಟೋ ಪದಗಳಿವೆ. ಚೆರೋಕೀ ನೇಷನ್ನಿನ ಮುಖ್ಯಸ್ಥೆಯಾಗಿ 1985ರಿಂದ 1995ರವರೆಗೆ ಇದ್ದ ವಿಲ್ಮಾ ಮ್ಯಾನ್‌ಕಿಲ್ಲರ್ ಅವರ ಮನೆತನದ ಹೆಸರು ಚೆರೋಕೀಯಲ್ಲಿ ‘ಅಸ್ಗಯದಿಹಿ’. ಅಲ್ಲಿ ಹಿ ಮಾಡುವವನನ್ನು ಹೇಳುತ್ತದೆ, ಜಾಗವನ್ನಲ್ಲ. 1828ರಲ್ಲಿ ನ್ಯೂ ಎಕೋಟದಿಂದ ಹೊರಟ ‘ಚೆರೋಕೀ ಫೀನಿಕ್ಸ್’ ಪತ್ರಿಕೆಯ ಚೆರೋಕೀ ಹೆಸರಿನ ಎರಡನೆಯ ಪದ ‘ತ್ಸುಲೆಹಿಸನಂಹಿ’. ಅಲ್ಲಿನ ಹಿ ಕೃದಂತದ್ದು. ಪರೀಕ್ಷೆ ಹೀಗೆ ಮಾಡಿ: ಕೊನೆಯ ಹಿ ತೆಗೆದು, ಅದರ ಹಿಂದಿನ ‘ಒ’ವನ್ನು ‘ಅ’ ಮಾಡಿದಾಗ ಅರ್ಥವಿರುವ ನಾಮಪದ ಉಳಿಯಬೇಕು. ವಯೊಹಿಯಲ್ಲಿ ವಯ ಉಳಿಯುತ್ತದೆ. ಆ ಪರೀಕ್ಷೆಗೆ ನಿಲ್ಲದ್ದನ್ನು ಚಾರ್ಟಿಗೆ ತರಬೇಡಿ.

‘ಗೆ’ ಮತ್ತು ‘ಇಂದ’ಕ್ಕೆ ಚೆರೋಕೀ ನಾಮಪದದ ಮೇಲೆ ಬೇರೆ ಬೇರೆ ಪ್ರತ್ಯಯ ಹುಡುಕಬೇಡಿ. ಕನ್ನಡ ವಿಭಕ್ತಿಯ ಕಣ್ಣಿನಿಂದ ನೋಡಿದರೆ ಅಲ್ಲಿ ಕೊರತೆ ಇದ್ದಂತೆ ಕಾಣಬಹುದು, ಕೊರತೆಯೇನೂ ಇಲ್ಲ. ಆ ಕೆಲಸ ಕ್ರಿಯಾಪದದ ಪಾಲಿಗೆ ಹೋಗಿದೆ. ಕರ್ತೃ, ಕರ್ಮಕ್ಕೂ ನಾಮಪದದ ಮೇಲೆ ವಿಭಕ್ತಿ ಇಲ್ಲ. ಯಾರು ಯಾರಿಗೆ ಮಾಡಿದರು ಎಂಬುದನ್ನು ಕ್ರಿಯಾಪದದ ಮುಂದಿನ ಸರ್ವನಾಮ ಪ್ರತ್ಯಯ ಹೇಳುತ್ತದೆ. ಬೆಳಗಿನ ಜಾವ ಹೊಳೆಗೆ ಹೋಗಿ ಮೀಯುವ ಅವರ ಹಳೆಯ ಆಚರಣೆಯ ಹೆಸರಿನಲ್ಲಿ ‘ಅಮೊಹಿ’ಯೇ ಇದೆ, ಜೊತೆಗೆ ಹೋಗುವ ಅರ್ಥದ ಕ್ರಿಯಾರೂಪ. ನಾವು ಅಲ್ಲಿ ‘ನೀರಿಗೆ’ ಎನ್ನುತ್ತೇವೆ, ಅವರಿಗೆ ಅಮೊಹಿ ಒಂದೇ ಸಾಕು. ‘ನೀರಿನಲ್ಲಿ’ಯೋ ‘ನೀರಿಗೆ’ಯೋ ಎಂಬುದು ಮುಂದಿನ ಕ್ರಿಯೆಯಿಂದ ಗೊತ್ತಾಗುತ್ತದೆ.

ದಿಕ್ಕನ್ನು ಹೇಳುವುದು ಕ್ರಿಯಾಪದದ ಆರಂಭದಲ್ಲಿ. ‘ಅತ್ತ, ಆಚೆಗೆ’ ಎನ್ನಲು ‘ವಿ’, ಸ್ವರದ ಮುಂದೆ ಬರಿಯ ‘ವ್’. ‘ಇತ್ತ, ಈಚೆಗೆ’ ಎನ್ನಲು ‘ದಿ’ ಅಥವಾ ‘ದ’. ಪಶ್ಚಿಮ ದಿಕ್ಕಿಗೆ ಅವರು ‘ವುದೆಲಿಗಂ’ ಎನ್ನುತ್ತಾರೆ. ಸೂರ್ಯ ಆಚೆ ಮರೆಯಾಗುವಲ್ಲಿ ಎಂಬ ಅರ್ಥ, ಮೊದಲಿನ ‘ವ್’ ಆ ‘ಆಚೆ’. ನಮ್ಮಲ್ಲಿ ಕೊನೆಗೆ ಅಂಟುವುದು ಅಲ್ಲಿ ಮುಂದೆ ಅಂಟುತ್ತದೆ. ಚಾರ್ಟಿನ ತಲೆಬರಹ ‘ಪ್ರತ್ಯಯಗಳು’ ಎಂದಿರುವುದರಿಂದ ಇದನ್ನು ಅಡಿಟಿಪ್ಪಣಿಯಾಗಿ ಕೊಡಿ, ಸಾಲು ಮಾಡಬೇಡಿ.

‘ಮೇಲೆ’, ‘ಒಳಗೆ’ಗೆ ಬಿಡಿ ಪದಗಳಿವೆ, ನಮ್ಮ ಹಾಗೆಯೇ ನಾಮಪದದ ನಂತರ ಬರುತ್ತವೆ. ಮೇಲೆ ‘ಗದು-ಇ’, ಒಳಗೆ ‘ಹವಿನಿ’, ಹತ್ತಿರ ‘ನ-ಅಂ’, ನಡುವೆ ‘ಅಯೆಲಿ’, ಎತ್ತರದಲ್ಲಿ ‘ಗಲಂಲದಿ’, ಹೊರಗೆ ‘ದೊಯಿ’. ಮನೆಗೆ ‘ಗಲಿತ್ಸೊದೆ’, ‘ಗಲಿತ್ಸೊದೆ ಹವಿನಿ’ ಎಂದರೆ ಮನೆಯ ಒಳಗೆ. ‘ಮನೆಯ’ ಎಂಬಲ್ಲಿನ ಷಷ್ಠಿ ಅವರಿಗೆ ಬೇಕಿಲ್ಲ, ಪದ ಇದ್ದ ಹಾಗೇ ಇರುತ್ತದೆ. ‘ಕಡೆ’ ಎನ್ನಲು ‘ಇದಿಟ್ಲಂ’: ಪೂರ್ವದ ಕಡೆ ‘ದಿಕಲಂಗಂ ಇದಿಟ್ಲಂ’. ನೀವು ಚಾರ್ಟಿನಲ್ಲಿ ‘ಮನೆ’ಯನ್ನೇ ಎಲ್ಲ ಭಾಷೆಗೂ ಮಾದರಿ ಪದ ಮಾಡಿದ್ದೀರಿ. ಚೆರೋಕೀಗೆ ಅದು ಒಗ್ಗುವುದಿಲ್ಲ. ಕಟ್ಟಡ, ಪಾತ್ರೆ, ಪೀಠೋಪಕರಣದ ಮಾತು ಬಂದಾಗ ಈ ಬಿಡಿ ಪದಗಳದೇ ಕೆಲಸ. ಎಲ್ಲ ನಾಲ್ಕು ಕಾಲಂಗೂ ‘ನೀರು’ ಹಾಕಿದರೆ ಹೋಲಿಕೆ ಸರಿಹೋಗುತ್ತದೆ.

ಶಾಲೆಯ ಚಾರ್ಟ್ ಆದ್ದರಿಂದ ‘ಶಾಲೆ’ ಎಂಬ ಪದವನ್ನೂ ಮಕ್ಕಳು ಕೇಳುತ್ತಾರೆ. ಅದು ‘ತ್ಸುನದೆಲೊಕ್ವಸ್ದಿ’, ಅವರು ಕಲಿಯುವ ಜಾಗ. ಅದರಲ್ಲಿ ಹಿ ಇಲ್ಲ, ಯಿ ಇಲ್ಲ. ಕೊನೆಯ ‘ಸ್ದಿ’ ಕ್ರಿಯಾಪದದಿಂದ ನಾಮಪದ ಮಾಡುವ ಅಂತ್ಯ. ಚೆರೋಕೀಯಲ್ಲಿ ಜಾಗಗಳ ಹೆಸರು ಹೀಗೆ ಕ್ರಿಯೆಯಿಂದ ಹುಟ್ಟುವುದು ಬಲು ಸಾಮಾನ್ಯ, ಆ ಸಂಪತ್ತು ಪ್ರತ್ಯಯಕ್ಕಿಂತ ದೊಡ್ಡದು.

---

ಏಲಕ್ಕಿಮಲೆ (ಮಡಿಕೇರಿ)

ಲಿಪಿಯ ಪ್ರಶ್ನೆಗೆ ಉತ್ತರ ಉಳಿದಿತ್ತು.

ಸೆಕ್ವೋಯ 1821ರ ಹೊತ್ತಿಗೆ ರೂಪಿಸಿದ ಲಿಪಿಯಲ್ಲಿ ಈಗ ಬಳಕೆಯಲ್ಲಿರುವುದು 85 ಅಕ್ಷರ. ಆರು ಸ್ವರಾಕ್ಷರ ಮತ್ತು ಒಂಟಿ ‘ಸ್’ ಬಿಟ್ಟರೆ ಒಂದೊಂದು ಅಕ್ಷರವೂ ವ್ಯಂಜನ ಸ್ವರ ಸೇರಿದ ಇಡೀ ಉಚ್ಚಾರ. ಇಲ್ಲಿ ಕನ್ನಡಿಗರು ಎಡವುತ್ತಾರೆ. ನಮ್ಮಲ್ಲಿ ‘ವ’ಗೆ ಒತ್ವ ಹಾಕಿದರೆ ‘ವೊ’, ಮೂಲಾಕ್ಷರ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಅವರ ‘ವ’ ಮತ್ತು ‘ವೊ’ ಅಕ್ಷರಗಳಿಗೆ ಆಕಾರದಲ್ಲಿ ಏನೂ ಸಂಬಂಧವಿಲ್ಲ. ಕುವ ಎರಡು ಅಕ್ಷರ, ಕುವೊಹಿ ಮೂರು ಅಕ್ಷರ, ಎರಡರಲ್ಲೂ ಸಮಾನವಾಗಿರುವುದು ಮೊದಲ ‘ಕು’ ಮಾತ್ರ. ಹಾಗಾಗಿ ಕುವೊಹಿಯನ್ನು ನೋಡಿ ನಿಘಂಟಿನಲ್ಲಿ ಮೂಲಪದ ಹುಡುಕುವಾಗ ಹಿ ಅಳಿಸಿದರೆ ಸಾಲದು, ಅದರ ಹಿಂದಿನ ಅಕ್ಷರವನ್ನೂ ಬದಲಾಯಿಸಿ ಹುಡುಕಬೇಕು. ಇಲ್ಲದಿದ್ದರೆ ‘ಪದ ಇಲ್ಲ’ ಎಂದೇ ಬರುತ್ತದೆ.

ಲಿಪಿಯಲ್ಲಿ ಹ್ರಸ್ವ ದೀರ್ಘದ ಗುರುತಿಲ್ಲ, ಸ್ವರದ ಏರಿಳಿತದ ಗುರುತೂ ಇಲ್ಲ. ನೀರು, ಉಪ್ಪು ಎರಡನ್ನೂ ಬರೆಯುವುದು ‘ಅಮ’ ಎಂದೇ, ಉಚ್ಚಾರಣೆ ಮಾತ್ರ ಬೇರೆ. ಕನ್ನಡದಲ್ಲಿ ಎಲ್ಲವನ್ನೂ ಹ್ರಸ್ವದಲ್ಲೇ ಬರೆಯುವುದು ಎಂದು ಒಂದು ಪದ್ಧತಿ ಇಟ್ಟುಕೊಂಡು ಕೆಳಗೆ ಸೂಚನೆ ಕೊಡಿ. ಅಂದಾಜಿನ ದೀರ್ಘ ಬೇಡ.

ಆರನೆಯ ಸ್ವರ ಮೂಗಿನದು. ರೋಮನ್ ಲಿಪಿಯಲ್ಲಿ ಅದಕ್ಕೆ ‘ವಿ’ ಅಕ್ಷರ ಬಳಸುತ್ತಾರೆ. ಅದನ್ನು ಕಂಡು ‘ಕೊಲನ್ವಿ’ ಎಂದು ಓದಿದರೆ ಪೂರ್ತಿ ತಪ್ಪು. ಈ ಚರ್ಚೆಯಲ್ಲಿ ನಾವೆಲ್ಲ ‘ಅಂ’ ಎಂದು ಬರೆದಿದ್ದೇವೆ, ಆದರೆ ‘ಕೊಲನಂ’ ಎಂಬುದನ್ನು ಮಕ್ಕಳು ‘ಕೊಲನಮ್’ ಎಂದು ತುಟಿ ಮುಚ್ಚಿ ಓದುತ್ತಾರೆ. ತುಟಿ ಮುಚ್ಚಬಾರದು. ‘ಸಂಯಮ’ ಎನ್ನುವಾಗ ಯ ಕಾರದ ಮುಂದೆ ಅನುಸ್ವಾರ ಮೂಗಿನಲ್ಲಿ ಹೇಗೆ ಕೇಳುತ್ತದೆಯೋ ಆ ಧ್ವನಿ. ಚೆರೋಕೀಯಲ್ಲಿ ಪ, ಬ ಇಲ್ಲವೇ ಇಲ್ಲ, ಮ ಇರುವ ಪದಗಳೂ ವಿರಳ. ತುಟಿ ಮುಚ್ಚುವ ಸಂದರ್ಭವೇ ಕಡಿಮೆ ಎಂದರೆ ನೆನಪಿರುತ್ತದೆ.

ನಾಲ್ಕುನಾಡು ಅಣ್ಣ ‘ಗದು-ಇ’ ಎಂದು ಅಡ್ಡಗೆರೆ ಹಾಕಿದ್ದು ಸುಮ್ಮನೆ ಅಲ್ಲ. ಅಲ್ಲಿ ಗಂಟಲಲ್ಲಿ ಒಂದು ಕ್ಷಣ ತಡೆ ಇದೆ. ಅಡ್ಡಗೆರೆ ತೆಗೆದರೆ ನಮ್ಮ ನಾಲಿಗೆ ತಾನಾಗಿ ಸಂಧಿ ಮಾಡಿ ‘ಗದುಯಿ’ ಎನ್ನುತ್ತದೆ. ಆಗ ಅದು ನೀವು ವಿವರಿಸಲು ಹೊರಟ ಯಿ ಪ್ರತ್ಯಯದಂತೆಯೇ ಕಾಣುತ್ತದೆ! ಡಿಟಿಪಿಯವರಿಗೆ ಮೊದಲೇ ಹೇಳಿಡಿ, ಇಂಥ ಗೆರೆಗಳನ್ನು ಅವರು ಮುದ್ರಣದೋಷ ಎಂದು ತಿದ್ದಿಬಿಡುತ್ತಾರೆ. ಹಾಗೆಯೇ ಆಡುಮಾತಿನಲ್ಲಿ ಪದಾಂತ್ಯದ ಸ್ವರ ಬಿದ್ದು ಹೋಗುವುದು ಚೆರೋಕೀಯಲ್ಲಿ ಮಾಮೂಲು. ಧ್ವನಿಮುದ್ರಣದಲ್ಲಿ ಕೊನೆಯ ‘ಇ’ ಕೇಳದಿದ್ದರೆ ಬರಹ ತಪ್ಪು ಎಂದುಕೊಳ್ಳಬೇಡಿ.

---

ಲಕ್ಷ್ಮಣತೀರ್ಥ (ಶ್ರೀಮಂಗಲ)

ಹಳೆಯ ಪುಸ್ತಕಗಳಿಂದ ಹೆಸರು ತೆಗೆಯುವುದಾದರೆ ಇದನ್ನೂ ನೋಡಿಕೊಳ್ಳಿ. ಜೇಮ್ಸ್ ಮೂನಿ 1900ರಲ್ಲಿ ಪ್ರಕಟಿಸಿದ ಚೆರೋಕೀ ಕಥಾಸಂಗ್ರಹದ ಕೊನೆಯಲ್ಲಿ ದೊಡ್ಡ ಪದಕೋಶವಿದೆ, ಸ್ಥಳನಾಮ ಬಿಡಿಸಿ ಹಿ, ಯಿ ತೋರಿಸಿರುವುದರಿಂದ ಬಹಳ ಉಪಯುಕ್ತ. ಆದರೆ ಅಲ್ಲಿ ರೋಮನ್ ‘ಎ’ (a) ಅಕ್ಷರದ ಮೇಲೆ ಟೋಪಿ (â) ಇದ್ದರೆ ಅದು ‘ಆ’ ಅಲ್ಲ, ಬಾಯಿ ಅಗಲಿಸಿ ಹೇಳುವ ‘ಒ’. ಸಂಸ್ಕೃತವನ್ನು ರೋಮನ್‌ನಲ್ಲಿ ಓದಿ ಅಭ್ಯಾಸವಿದ್ದವರು ಅದನ್ನು ದೀರ್ಘ ಎಂದುಕೊಂಡು ‘ಕುವಾಹಿ’ ಎಂದು ಬರೆಯುತ್ತಾರೆ, ಏಲಕ್ಕಿಮಲೆಯವರು ಹೇಳಿದ ‘ಅ’ಗೆ ‘ಒ’ ಎಂಬ ನಿಯಮವೇ ಕಣ್ಣಿಗೆ ಬೀಳುವುದಿಲ್ಲ.

---

ಹಾರಂಗಿ ಹಿನ್ನೀರು (ಕುಶಾಲನಗರ)

ಮಾದರಿ ಪದ ‘ನೀರು’ ಮಾಡಿದೆವು. ಚೆರೋಕೀ ಕಾಲಂ ಈಗ ಹೀಗಿದೆ: ಅಮ, ಅಮೊಹಿ, ಕುವ, ಕುವೊಹಿ, ತ್ಸಿಸ್ಕ್ವ, ತ್ಸಿಸ್ಕ್ವೊಹಿ, ಕೊಲನಂ, ಕೊಲನಂಯಿ, ತುತಿ, ತುತಿಯಿ, ಗಲಿತ್ಸೊದೆ, ಗಲಿತ್ಸೊದೆಯಿ. ಪಕ್ಕದಲ್ಲಿ ಚೆರೋಕೀ ಲಿಪಿಯನ್ನೂ ಕೊಡುತ್ತೇವೆ. ಡಿಟಿಪಿ ಕಂಪ್ಯೂಟರಿನಲ್ಲಿ ಕೆಲವು ಕಡೆ ಚೌಕ ಬರುತ್ತಿದೆ.

---

ನಾಲ್ಕುನಾಡು (ಕಕ್ಕಬ್ಬೆ)

‘ಗಲಿತ್ಸೊದೆಯಿ’ ತೆಗೆಯಿರಿ ಅಕ್ಕ, ಅದು ನಿಯಮ ನೋಡಿ ಕಟ್ಟಿದ ರೂಪ. ಅಲ್ಲಿ ‘ಗಲಿತ್ಸೊದೆ ಹವಿನಿ’ ಹಾಕಿ, ಬೇರೆ ಬಣ್ಣದಲ್ಲಿ. ಉಳಿದ ಐದೂ ಸರಿ.

ಚೌಕ ಬರುವುದು ಫಾಂಟ್ ಇಲ್ಲದ್ದಕ್ಕೆ. ವಿಂಡೋಸ್ 8ರಿಂದ ಈಚೆಗೆ ‘ಗದುಗಿ’ ಎಂಬ ಫಾಂಟ್ ಜೊತೆಗೇ ಬರುತ್ತದೆ. ಹಳೆಯ ಯಂತ್ರವಾದರೆ ‘ನೋಟೋ ಸಾನ್ಸ್ ಚೆರೋಕೀ’ ಇಳಿಸಿಕೊಳ್ಳಿ, ಉಚಿತ. ಯೂನಿಕೋಡಿಗೆ ಚೆರೋಕೀ ಸೇರಿದ್ದು 1999ರಲ್ಲಿ, ಸಣ್ಣಕ್ಷರಗಳು ಸೇರಿದ್ದು 2015ರಲ್ಲಿ. ಕೆಲವು ಕಡೆ ಮಾತ್ರ ಚೌಕ ಬರುತ್ತಿದ್ದರೆ ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯಿರಿ, ಹೆಚ್ಚಿನ ಮುದ್ರಣಗಳಲ್ಲಿ ರೂಢಿಯೂ ಅದೇ. ಟೈಪ್ ಮಾಡಲು ಫೋನಿನ ಜಿಬೋರ್ಡಿನಲ್ಲಿ ಚೆರೋಕೀ ಆಯ್ಕೆ ಇದೆ. ರೋಮನ್ ಅಕ್ಷರದಂತೆ ಕಾಣುವ ಚೆರೋಕೀ ಅಕ್ಷರಗಳು ಹಲವು. ಅವರ ‘ಅ’ ನೋಡಲು ಇಂಗ್ಲಿಷಿನ ‘ಡಿ’, ‘ಎ’ ನೋಡಲು ‘ಆರ್’, ‘ಇ’ ನೋಡಲು ‘ಟಿ’. ಡಿಟಿಪಿಯವರು ಕೀಬೋರ್ಡ್ ಬದಲಿಸದೆ ಇಂಗ್ಲಿಷ್ ಅಕ್ಷರವನ್ನೇ ಒತ್ತಿಬಿಟ್ಟರೆ ಮುದ್ರಣದಲ್ಲಿ ಸುಲಭಕ್ಕೆ ಗೊತ್ತಾಗುವುದಿಲ್ಲ. ಆದರೆ ಅದೇ ಕಡತವನ್ನು ಶಾಲೆಯ ಜಾಲತಾಣಕ್ಕೆ ಹಾಕಿದಾಗ ಹುಡುಕಾಟದಲ್ಲಿ ಪದ ಸಿಗದು. ಅಂತಿಮ ಪ್ರತಿಯಿಂದ ‘ಅಮೊಹಿ’ಯನ್ನು ಕಾಪಿ ಮಾಡಿ ಚೆರೋಕೀ ನಿಘಂಟು ಇರುವ ಜಾಲತಾಣದಲ್ಲಿ ಒಮ್ಮೆ ಹುಡುಕಿ ನೋಡಿ, ಸಿಕ್ಕಿದರೆ ಮುದ್ರಣಕ್ಕೆ ಕೊಡಿ.